ಮದ್ದು, ಗೋಣಿಯ ನೂಲು, ಎರೆಹುಳು: ತೋಟದ ಮಣ್ಣನ್ನು ಮನೆಯಲ್ಲೇ ಪರೀಕ್ಷೆ ಮಾಡುವುದು ಹೇಗೆ

ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಊರು ನಮ್ಮದು, ಕಾಸರಗೋಡಿನ ಎಣ್ಮಕಜೆ ಕಡೆ. 2000ದವರೆಗೂ ಸುರಿದರು. ಹಾಗಾಗಿ ವಿಷ ಅಂದರೆ ಕೀಟನಾಶಕ ಅಂತಲೇ ನಮ್ಮ ತಲೆಯಲ್ಲಿ ಕೂತಿದೆ. ಕೊಳೆರೋಗಕ್ಕೆ ಅಂತ ಅಡಿಕೆಗೆ ಬಿಡುವ ಮದ್ದು, ಅಂದರೆ ಬೋರ್ಡೋ ದ್ರಾವಣ, ಯಾರಿಗೂ ವಿಷ ಅನಿಸುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. 200 ಲೀಟರಿನ ಒಂದು ಡ್ರಮ್ಮಿಗೆ 2 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಅಷ್ಟೇ ಸುಣ್ಣ. ಆ ಮೈಲುತುತ್ತಿನಲ್ಲಿ ಅರ್ಧ ಕಿಲೋದಷ್ಟು ತಾಮ್ರವೇ ಇದೆ. ತಾಮ್ರ ಕೊಳೆತು ಹೋಗುವ ವಸ್ತು ಅಲ್ಲ. ಗೊನೆಯಿಂದ ತೊಟ್ಟಿಕ್ಕಿದ್ದು ವರ್ಷ ವರ್ಷ ಬುಡದ ಮಣ್ಣಿನಲ್ಲೇ ಸೇರುತ್ತಾ ಹೋಗುತ್ತದೆ, ನಮ್ಮ ಮುರಕಲ್ಲು ನೆಲದ ಹುಳಿ ಮಣ್ಣಿನಲ್ಲಿ ಅದು ಹುಳುಗಳಿಗೆ ಇನ್ನೂ ಬೇಗ ತಟ್ಟುತ್ತದೆ.

ಅದೇ ಬುಡದಲ್ಲಿ ಪ್ಲಾಸ್ಟಿಕ್ ಕೂಡ ಇದೆ. ಗೊಬ್ಬರದ ಗೋಣಿಯ ಬಿಳಿ ನೂಲು, ಗಿಡ ತಂದ ಕಪ್ಪು ತೊಟ್ಟೆ (ಪ್ಲಾಸ್ಟಿಕ್ ಚೀಲ), ಒಡೆದ ಪೈಪಿನ ಚೂರು. ಬಿಸಿಲಿಗೆ ಒಣಗಿ ಪುಡಿಯಾಗಿ 5 ಮಿಲಿಮೀಟರಿಗಿಂತ ಸಣ್ಣದಾದರೆ ಅದೇ ಮೈಕ್ರೋಪ್ಲಾಸ್ಟಿಕ್. ಬಿಸಿಲು ತಿಂದು ಒರಟಾದ ಚೂರಿಗೆ ತಾಮ್ರ ಹೊಸದಕ್ಕಿಂತ ಚೆನ್ನಾಗಿ ಅಂಟುತ್ತದೆ. ಎರೆಹುಳು ಮಣ್ಣನ್ನೇ ನುಂಗುವ ಜೀವಿ, ಹಾಗಾಗಿ ಎರಡೂ ಒಂದೇ ತುತ್ತಿನಲ್ಲಿ ಹೊಟ್ಟೆಗೆ ಹೋಗುತ್ತದೆ. ಕೆಲವು ಸಲ ಪ್ಲಾಸ್ಟಿಕ್ಕು ವಿಷವನ್ನು ಹಿಡಿದಿಟ್ಟುಕೊಂಡು ಹುಳುವಿಗೆ ಸಿಗುವುದನ್ನು ಕಡಿಮೆ ಮಾಡುವುದೂ ಉಂಟು. ಕೆಲವು ಸಲ ಹೊಟ್ಟೆಯೊಳಗೆ ಬಿಟ್ಟುಕೊಟ್ಟು ಜಾಸ್ತಿ ಮಾಡುತ್ತದೆ. ಯಾವ ಪ್ಲಾಸ್ಟಿಕ್, ಯಾವ ವಿಷ, ಯಾವ ಮಣ್ಣು ಅನ್ನುವುದರ ಮೇಲೆ ಹೋಗುತ್ತದೆ. ಅದಕ್ಕೇ ನಮ್ಮ ಮಣ್ಣನ್ನು ನಾವೇ ನೋಡಬೇಕು ಅನ್ನುವುದು.

ಮೊದಲು ಹುಳು ಎಣಿಸಿ. ಆಟಿ ತಿಂಗಳ (ಜುಲೈ-ಆಗಸ್ಟ್) ಜೋರು ಮಳೆ ಕಳೆದ ಮೇಲೆ, ಬೆಳಿಗ್ಗೆ, 25 ಸೆಂಟಿಮೀಟರ್ ಉದ್ದ, ಅಗಲ, ಆಳದ ಗುಂಡಿ ತೋಡಿ, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಮಣ್ಣನ್ನು ಹಳೇ ಬಟ್ಟೆಯ ಮೇಲೆ ಹರಡಿ ಕೈಯಲ್ಲೇ ಹುಡುಕಿ. ಪ್ಲಾಸ್ಟಿಕ್ ಗೋಣಿ ಹಾಸಬೇಡಿ, ಅದರದ್ದೇ ನೂಲು ಮಣ್ಣಿಗೆ ಬೀಳುತ್ತದೆ. ಮರದ ಬುಡ, ಮದ್ದು ಕಲಸುವ ಜಾಗ, ಮದ್ದೇ ಬೀಳದ ಗುಡ್ಡೆಯ ಬದಿ, ಮೂರೂ ಕಡೆ ತೋಡಿ. ನಮ್ಮಲ್ಲಿ ಮದ್ದು ಕಲಸುವ ಜಾಗದ ಗುಂಡಿಯಲ್ಲಿ ಒಂದೇ ಒಂದು ನಕ್ಕುರು, ಅಂದರೆ ಎರೆಹುಳು, ಸಿಗಲಿಲ್ಲ. ಸಿಕ್ಕಿದ್ದು ಬೇರಿಗೆ ಸುತ್ತಿಕೊಂಡಿದ್ದ ಗೋಣಿ ನೂಲು, ಅದರ ಮೇಲೆ ತಿಳಿನೀಲಿ ಪುಡಿ.

ಆಮೇಲೆ ಪ್ಲಾಸ್ಟಿಕ್. ಒಂದು ಲೀಟರ್ ನೀರಿಗೆ 350 ಗ್ರಾಂ ಉಪ್ಪು ಕರಗಿಸಿ, ಒಂದು ಹಿಡಿ ಒಣಮಣ್ಣು ಹಾಕಿ, ಗಾಜಿನ ಭರಣಿಯಲ್ಲಿ ಕಲಕಿ ರಾತ್ರಿಯಿಡೀ ಬಿಡಿ. ಗೋಣಿ, ತೊಟ್ಟೆಯ ಚೂರು ಮೇಲೆ ತೇಲುತ್ತದೆ. ಪಿವಿಸಿ ಪೈಪಿನದ್ದು ತೇಲುವುದಿಲ್ಲ, ನೆನಪಿರಲಿ. ತೇಲಿದ್ದನ್ನು ಬಟ್ಟೆಯಲ್ಲಿ ಸೋಸಿ ಕೆಂಪಗೆ ಕಾಯಿಸಿದ ಸೂಜಿ ಮುಟ್ಟಿಸಿ. ಕರಗಿ ಮುದುಡಿದರೆ ಪ್ಲಾಸ್ಟಿಕ್. ಬೇರು, ನಾರು ಆದರೆ ಸುಟ್ಟು ಕರಿಯಾಗುತ್ತದೆ.

ಮೂರನೆಯದು, ಹುಳು ಯಾವ ಮಣ್ಣನ್ನು ಬಿಟ್ಟು ಓಡುತ್ತದೆ ಅಂತ ನೋಡುವುದು. ಇದಕ್ಕೆ ತಾಳ್ಮೆ ಬೇಕು. ಮದ್ದು ಬೀಳದ ಕಡೆಯ ಮಣ್ಣು ತಂದು, ಒಂದೊಂದು ಕಿಲೋದ ಪಾಲು ಮಾಡಿ. ಒಂದಕ್ಕೆ ಹಳೇ ಗೋಣಿಯಿಂದ ಸಣ್ಣಗೆ ಕತ್ತರಿಸಿದ ನೂಲು ಒಂದು ಗ್ರಾಂ. ಇನ್ನೊಂದಕ್ಕೆ 50 ಮಿಲಿಲೀಟರ್ ಮದ್ದು. ಮತ್ತೊಂದಕ್ಕೆ ಎರಡೂ. ಏನೂ ಸೇರಿಸದ ಪಾಲು ಮೂರು ಇರಲಿ. ಮದ್ದು ಹಾಕದ್ದಕ್ಕೆಲ್ಲ ಅಷ್ಟೇ ನೀರು ಹಾಕಿ, ಹದವಾದ ಪಸೆ ಉಳಿಸಿಕೊಂಡು ಎರಡು ವಾರ ನೆರಳಲ್ಲಿಡಿ. ನಂತರ ಅಗಲದ ಸ್ಟೀಲ್ ತಟ್ಟೆಯ ನಡುವೆ ರಟ್ಟು ನಿಲ್ಲಿಸಿ. ಒಂದು ಬದಿಗೆ ಏನೂ ಸೇರಿಸದ ಮಣ್ಣು, ಇನ್ನೊಂದು ಬದಿಗೆ ಪರೀಕ್ಷೆಯದ್ದು. ಪಸೆ ಎರಡೂ ಕಡೆ ಒಂದೇ ಇರಬೇಕು, ಇಲ್ಲದಿದ್ದರೆ ಹುಳು ಸುಮ್ನೆ ತಂಪಿನ ಕಡೆ ಹೋಗುತ್ತದೆ. ರಟ್ಟು ತೆಗೆದು ಆ ಗೆರೆಯ ಮೇಲೆ ಎರೆಗೊಬ್ಬರದ ತೊಟ್ಟಿಯ 10 ಹುಳು ಬಿಟ್ಟು, ಬಟ್ಟೆ ಮುಚ್ಚಿ. 48 ಗಂಟೆ ಕಳೆದು ರಟ್ಟನ್ನು ಮತ್ತೆ ಇಳಿಸಿ ಎಣಿಸಿ. ಪ್ರಯೋಗಾಲಯಗಳಲ್ಲೂ ಇದೇ ಕ್ರಮ. 8ಕ್ಕಿಂತ ಜಾಸ್ತಿ ಹುಳು ಒಳ್ಳೇ ಮಣ್ಣಿಗೆ ಹೋದರೆ ಆಚೆ ಬದಿ ಅವಕ್ಕೆ ಬದುಕಲು ತಕ್ಕದ್ದಲ್ಲ ಅಂತ ಲೆಕ್ಕ. ಒಂದು ಸಲದ್ದನ್ನು ನಂಬಬೇಡಿ, ಹೊಸ ಹುಳು ಹಾಕಿ ಮೂರು ಸಲ ಮಾಡಿ. ಕೊನೆಗೆ ಆ ಮಣ್ಣನ್ನು ತೋಟಕ್ಕೆ ಚೆಲ್ಲಬೇಡಿ.

ತಾಮ್ರ ಎಷ್ಟಿದೆ ಅಂತ ಬೇಕಾದರೆ ಕೃಷಿ ಭವನದ (ಊರಿನ ಸರಕಾರಿ ಕೃಷಿ ಕಚೇರಿ) ಮೂಲಕ ಮಣ್ಣು ಪರೀಕ್ಷೆಗೆ ಕಳಿಸಿ. ಮಣ್ಣು ಆರೋಗ್ಯ ಕಾರ್ಡಿನಲ್ಲಿ ತಾಮ್ರದ ಅಂಕೆಯೂ ಬರುತ್ತದೆ. ಅಲ್ಲಿ ನೋಡುವುದು ಕೊರತೆ ಇದೆಯಾ ಅಂತ. ಜಾಸ್ತಿ ಆಗಿದೆಯಾ ಅಂತ ತಿಳಿಯಲು ನೀವು ಮದ್ದು ಬೀಳದ ಜಾಗದ ಮಣ್ಣನ್ನೂ ಕಳಿಸಿ ಎರಡು ಅಂಕೆಯನ್ನು ಹೋಲಿಸಿ.

ಮದ್ದು ಬಿಡಬೇಡಿ ಅಂತ ನಾನು ಹೇಳಲಾರೆ. ಕೊಳೆರೋಗ ಬಂದರೆ ವರ್ಷದ ಬೆಳೆ ಹೋಗುತ್ತದೆ ಅಲ್ವಾ. ಆದರೆ ಮದ್ದು, ಪ್ಲಾಸ್ಟಿಕ್ ಎರಡನ್ನೂ ಒಂದೇ ಕಡೆ ಸೇರಲು ಬಿಡದಿರುವುದು ನಮ್ಮ ಕೈಯಲ್ಲಿದೆ. ಡ್ರಮ್ಮನ್ನು ಬುಡದಲ್ಲಿ ತೊಳೆಯಬೇಡಿ. ಗೊಬ್ಬರದ ಗೋಣಿಯನ್ನು ಕತ್ತಿಯಲ್ಲಿ ಸೀಳಬೇಡಿ, ಬಾಯಿಯ ಹೊಲಿಗೆಯ ಸರಿಯಾದ ತುದಿ ಹಿಡಿದು ಎಳೆದರೆ ಒಂದೇ ದಾರವಾಗಿ ಬಿಚ್ಚಿ ಬರುತ್ತದೆ, ಒಂದು ಚೂರೂ ಬೀಳುವುದಿಲ್ಲ. ಬಿಸಿಲಿಗೆ ಪುಡಿಯಾಗುವ ಮೊದಲೇ ಗೋಣಿ, ತೊಟ್ಟೆಗಳನ್ನು ಒಟ್ಟುಮಾಡಿ ಮನೆಮನೆಗೆ ಬಂದು ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಡಿ. ಗುಂಡಿಯ ಎಣಿಕೆಯನ್ನು ತೋಟದ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ವರ್ಷ ಅದೇ ಮರದ ಪಕ್ಕ ಮತ್ತೆ ತೋಡಿ.