72 ಪೈಂಟುಗಳ ಲೆಕ್ಕ

ಇಂಗ್ಲೆಂಡಿನ ಕೆಂಟ್‌ನಲ್ಲಿ ಬಾಗಿಲು ಹಾಕಿದ್ದ ಹೂವಿನಂಗಡಿಯೊಂದನ್ನು ಬಾಡಿಗೆಗೆ ಹಿಡಿದು ಮೈಕ್ರೋಪಬ್, ಅಂದರೆ ಪುಟ್ಟದೊಂದು ಪಬ್ಬು, ಇಡುತ್ತೇನೆ ಅಂದಾಗ ಊರಿನಿಂದ ಅಣ್ಣ ಕೇಳಿದ್ದು, "ಬಾರ್ ಇಡೋಕೆ ಅಷ್ಟು ದೂರ ಹೋಗ್ಬೇಕಿತ್ತೇನೋ?"

ಈ ಬಗೆಯ ಪಬ್ಬು ಹುಟ್ಟಿದ್ದು ಇದೇ ಕೆಂಟ್‌ನ ಹರ್ನ್ ಎಂಬ ಹಳ್ಳಿಯಲ್ಲಿ. ಹೊಸ ಲೈಸೆನ್ಸ್ ಕಾಯ್ದೆ ಜಾರಿಗೆ ಬಂದ 2005ರಲ್ಲೇ ಮಾರ್ಟಿನ್ ಹಿಲಿಯರ್ ಎಂಬವರು ಹಳೆಯ ಮಾಂಸದಂಗಡಿಯಲ್ಲಿ 'ಬುಚರ್ಸ್ ಆರ್ಮ್ಸ್' ತೆರೆದರು. ಟಿವಿ, ಹಾಡು, ಜೂಜಿನ ಯಂತ್ರ ಯಾವುದೂ ಇಲ್ಲ. ಪೀಪಾಯಿಯ ಏಲ್ ಎಂಬ ಬಗೆಯ ಬಿಯರ್ ಮತ್ತು ಮಾತು, ಅಷ್ಟೇ. ನಾನು ಹಿಡಿದದ್ದೂ ಅದೇ ದಾರಿ. ಅಂಗಡಿಯನ್ನು ಪಬ್ ಮಾಡಲು ಕೌನ್ಸಿಲ್ ಅನುಮತಿ ಬೇಕು, ಲೈಸೆನ್ಸ್ ಎರಡು ಬೇಕು: ಜಾಗಕ್ಕೊಂದು, ನನಗೊಂದು. ಜಾಗ ಒಂದೇ ಆಗಿದ್ದು ಅದರ ತೆರಿಗೆ ಮೌಲ್ಯ 12,000 ಪೌಂಡ್ ಮೀರದಿದ್ದರೆ ವ್ಯಾಪಾರ ತೆರಿಗೆ ಪೂರ್ತಿ ಮಾಫಿ. ನಾವು ಉಳಿದುಕೊಂಡಿರುವುದೇ ಇದರಿಂದ.

ನಿಜವಾದ ಕೆಲಸ ಪೀಪಾಯಿಯದು. ಬಿಯರ್ ಬರುವ ಪೀಪಾಯಿಗೆ ಫರ್ಕಿನ್ ಎನ್ನುತ್ತಾರೆ: 9 ಗ್ಯಾಲನ್, ಅಂದರೆ 72 ಪೈಂಟ್ (ಪೈಂಟ್ ಎಂದರೆ ಅರ್ಧ ಲೀಟರಿಗಿಂತ ತುಸು ಹೆಚ್ಚಿನ ಗ್ಲಾಸು). ಒಳಗೆ ಯೀಸ್ಟ್ ಇನ್ನೂ ಜೀವಂತವಾಗಿರುತ್ತದೆ. ಪೀಪಾಯಿಯನ್ನು ಅಡ್ಡ ಮಲಗಿಸಿ, ಮೇಲಿನ ಬಿರಡೆಗೆ ಮೆದುಮರದ ಗೂಟ ಹೊಡೆದರೆ ನೊರೆ ಉಕ್ಕಿ ಬರುತ್ತದೆ. ಉಕ್ಕುವುದು ನಿಂತ ಮೇಲೆ ಗಟ್ಟಿ ಗೂಟ. ನಲ್ಲಿಯನ್ನು ಒಂದೇ ಏಟಿಗೆ ಕೂರಿಸಬೇಕು, ಅನುಮಾನಿಸುತ್ತ ಹೊಡೆದರೆ ಗೋಡೆಗೆಲ್ಲ ಬಿಯರ್. ಆಮೇಲೆ ಅಲುಗಿಸದೆ ಗಸಿ ತಳಕ್ಕಿಳಿಯಲು ಬಿಡಬೇಕು. ಕೋಣೆ 12 ಡಿಗ್ರಿ ಆಸುಪಾಸು. ಮಾರಲು ಶುರುಮಾಡಿದ ಗಳಿಗೆಯಿಂದ ಒಳಗೆ ಗಾಳಿ ಸೇರುತ್ತದೆ, ಮೂರು ದಿನದಾಚೆ ರುಚಿ ಇಳಿಯುತ್ತದೆ. ಆದ್ದರಿಂದ ನಿಧಾನವಾಗಿ ಖರ್ಚಾಗುವ ಕಪ್ಪು, ಗಡಸು ಬಿಯರುಗಳನ್ನು ಪಿನ್ ಎಂಬ 36 ಪೈಂಟಿನ ಸಣ್ಣ ಪೀಪಾಯಿಯಲ್ಲೇ ತರಿಸುತ್ತೇನೆ. ಎಂಟು ನಲ್ಲಿ ತೋರಿಸಿ ಹುಳಿ ಬಿಯರ್ ಮಾರುವ ದೊಡ್ಡ ಪಬ್ಬಿಗಿಂತ ಎರಡೇ ಪೀಪಾಯಿ ವಾಸಿ.

ಮಾತು ತಾನಾಗಿ ಬರುವುದಿಲ್ಲ. ಬೆಂಚುಗಳನ್ನು ಗೋಡೆಗುಂಟ ಹಾಕಿ, ಎಲ್ಲರ ಮುಖ ಒಳಕ್ಕೇ ತಿರುಗುವಂತೆ ಮಾಡಿದೆ. ಕೌಂಟರ್ ಇಡಲೇ ಇಲ್ಲ. ಗ್ಲಾಸು ನಾನೇ ಒಯ್ದು ಕೊಡುತ್ತೇನೆ. ಒಯ್ಯುವಾಗ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸಬಹುದು: "ಇವರೂ ರೈಲ್ವೆಯಲ್ಲಿದ್ದವರೇ." ಅಷ್ಟು ಸಾಕು, ನಾನು ಜಾರಿಕೊಳ್ಳುತ್ತೇನೆ. ಯಾರದಾದರೂ ಫೋನ್ ರಿಂಗಣಿಸಿದರೆ ದಂಡವಾಗಿ ಲೈಫ್‌ಬೋಟ್ (ಸಮುದ್ರದಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುವ ದೋಣಿ) ದೇಣಿಗೆ ಡಬ್ಬಿಗೆ ಒಂದು ಪೌಂಡ್.

ಲಂಡನ್ನಿನಿಂದ ಬರುವ ಕನ್ನಡದ ಗೆಳೆಯರಲ್ಲಿ ಸಸ್ಯಾಹಾರಿಗಳು ಹೆಚ್ಚು. ಬಹಳಷ್ಟು ಏಲನ್ನು ತಿಳಿಯಾಗಿಸುವುದು ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥದಿಂದ, ಹೇಳದೆ ಕುಡಿಸುವುದು ನನಗೆ ಒಗ್ಗದು. ಅದಿಲ್ಲದ ಪೀಪಾಯಿಯನ್ನೂ ಒಂದು ಇಡತೊಡಗಿದೆ. ಗ್ಲಾಸಿನಲ್ಲಿ ಮಸುಕಾಗಿ ಕಾಣುತ್ತದೆ. ಮಸುಕು ಅಂದರೆ ಕೆಟ್ಟದ್ದು ಎಂದೇ ನಂಬಿದ ಇಲ್ಲಿನ ಹಿರಿಯರು ಅದನ್ನು ದೀಪಕ್ಕೆ ಹಿಡಿದು ನೋಡಿ, ನನ್ನ ಗೆಳೆಯರ ಜತೆ ವಾದಕ್ಕಿಳಿದು, ಕೊನೆಗೆ ಅರ್ಧ ಪೈಂಟ್ ಕೇಳುತ್ತಾರೆ, ಪರೀಕ್ಷೆಗೆಂದು.