ಎರೆಭೂತಕ್ಕೆ ಜೀವ ಬಂದದ್ದು

ಮಕ್ಕಳ ಮಾಯಾಕಥೆಗೆ ಡ್ರ್ಯಾಗನ್ ಬಿಟ್ಟು ಎರೆಹೊಲದ, ಅಂದರೆ ಕಪ್ಪು ಮಣ್ಣಿನ ಹೊಲದ, ಹಕ್ಕಿ ತರುತ್ತೇನೆ ಅಂದಾಗ ಧಾರವಾಡದ ಗೆಳೆಯರು ಯಾರೂ ಒಪ್ಪಲಿಲ್ಲ. ‘ಎರಿಯಾಗ ಏನ್ ಮಾಯಾ ಐತಿ?’ ಅಂದರು. ಹೋದ ದೀಪಾವಳಿಗೆ ಕಥೆ ಅಚ್ಚಾಯಿತು. ಈಗ ಅವರೇ ಫೋನ್ ಹಚ್ಚಿ ಆ ಹಕ್ಕಿ ಎಲ್ಲಿ ಸಿಕ್ಕಿತು ಅಂತ ಕೇಳುತ್ತಾರೆ.

ಶುರುವಿನಲ್ಲಿ ಕೆಟ್ಟಿದ್ದೇ ಬಹಳ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಮಕರ, ಮೊಸಳೆಯಂಥ ಮಾಯಾಪ್ರಾಣಿ, ನೋಡಿ ನೋಡಿ ಆರು ತಿಂಗಳು ಬರೆದೆ. ಬಸ್ಸು, ಊಟ, ಫೋಟೋ ಎಲ್ಲ ಸೇರಿ 9 ಸಾವಿರದ ಆಸುಪಾಸು ಖರ್ಚು. ಕಲ್ಲಿನಲ್ಲಿ ರೂಪ ಸಿಕ್ಕಿತು. ಅದು ಏನು ತಿನ್ನುತ್ತದೆ, ಯಾರಿಗೆ ಅಂಜುತ್ತದೆ ಅನ್ನುವುದು ಸಿಗಲಿಲ್ಲ. 80 ಪುಟ ಹರಿದು ಹಾಕಿದೆ.

ರಾಣೆಬೆನ್ನೂರು ಕಡೆ ಕುರಿ ಕಾಯುವ ಅಜ್ಜನೊಬ್ಬ ‘ಎರೆಭೂತ’ ಅಂದ. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನುವ ಹಕ್ಕಿ. ಅಲ್ಲಿನ ಅಭಯಾರಣ್ಯಕ್ಕೆ ಎಲ್ಲರೂ ಕೃಷ್ಣಮೃಗ ನೋಡಲು ಹೋಗುತ್ತಾರೆ. ಹಿಂದೆ ಈ ಹಕ್ಕಿಯೂ ಅಲ್ಲಿತ್ತು. ಮೀಟರ್ ಎತ್ತರ, ಗಂಡಿನ ಕೊರಳಲ್ಲಿ ಜೋತುಬೀಳುವ ಚೀಲ, ದೂರದವರೆಗೆ ಕೇಳುವ ಗುಂ ಅನ್ನುವ ದನಿ, ಬರಿ ನೆಲದ ಮೇಲೆ ಒಂದೇ ತತ್ತಿ. ಹೆಸರಿನಲ್ಲೇ ಅರ್ಧ ಕಥೆ ಇತ್ತು. ಉಳಿದರ್ಧಕ್ಕೆ ಒಂದು ವರ್ಷ ಹಿಡಿಯಿತು.

ಅದನ್ನು ಕೊಟ್ಟವನು ಜೋಕುಮಾರ, ಭಾದ್ರಪದದಲ್ಲಿ ಏಳು ದಿನ ಬುಟ್ಟಿಯಲ್ಲಿ ಹೊತ್ತು ಹಾಡುತ್ತ ಮನೆಮನೆ ತಿರುಗುವ ಮಳೆಯ ದೇವರು. ಫಾಲ್ಗುಣದಲ್ಲಿ ಗದಗ ಹತ್ತಿರದ ಹಳ್ಳಿಗೆ ಹೋಗಿ ಹಾಡು ಕೇಳಿದರೆ ಅಂಬಿಗರ ಅಜ್ಜಿ ಬಾಯಿ ಬಿಡಲಿಲ್ಲ, ಹೊತ್ತಲ್ಲದ ಹೊತ್ತು. ಭಾದ್ರಪದದಲ್ಲಿ ಮತ್ತೆ ಹೋದೆ. ಕಟ್ಟೆಯ ಮೇಲೆ ಬುಟ್ಟಿ ಇಳಿಸಿದಳು. ಬೇವಿನ ಸೊಪ್ಪಿನ ನಡುವೆ ಮಣ್ಣಿನ ಜೋಕುಮಾರ, ತುಟಿ ಮೇಲೆ ಬಿಸಿಲಿಗೆ ಕರಗುತ್ತಿದ್ದ ಬೆಣ್ಣೆ. ಮೊರದಲ್ಲಿ ಜೋಳ ಹಿಡಿದು ನಿಂತವರ ಎದುರು ಹೇಳಿದಳು: ‘ಗಣಪ್ಪ ಕಡಬು ತಿಂದು ಶಿವನ ಹತ್ರ ಹೋಗಿ ಎಲ್ಲಾ ಚಲೋ ಐತಿ ಅಂತಾನ. ಇಂವ ಹೋಗಿ ಮಳಿ ಇಲ್ಲ, ಮಂದಿ ಹಸದಾರ ಅಂತಾನ.’ ಅಲ್ಲೇ ನನ್ನ ಹಕ್ಕಿಗೆ ಕೆಲಸ ಸಿಕ್ಕಿತು. ಬಿರಿದ ಎರೆಯಲ್ಲಿ ಹುಟ್ಟಿ, ಏಳು ದಿನ ಬದುಕಿ, ಊರಿನ ಬರ ಹೊತ್ತುಕೊಂಡು ಮೇಲೆ ಹೋಗುವ ಎರೆಭೂತ. ಏಳನೆಯ ರಾತ್ರಿ ಜೋಕುಮಾರ ಸಾಯುವ ಅಗಸರ ಬಟ್ಟೆ ಒಗೆಯುವ ಕಲ್ಲನ್ನೂ ಉಳಿಸಿಕೊಂಡೆ. ಜೋಕುಮಾರನ ಪುಂಡಾಟ ಮಾತ್ರ ಮಕ್ಕಳ ಕಥೆಯೆಂದು ಬಿಟ್ಟೆ. ಅದರ ಬಗ್ಗೆ ಇನ್ನೂ ಸಮಾಧಾನವಿಲ್ಲ.

ನಡುವೆ ಆ ಗುಂ ದನಿಯ ಹಿಂದೆ ಬಿದ್ದು ಒಂದು ತಿಂಗಳು ಕಳೆದೆ. ಹಿತ್ತಲಲ್ಲಿ ತಾಮ್ರದ ಕೊಡಕ್ಕೆ ಬಾಯಿಟ್ಟು ಊದಿದೆ, ಬರಿ ಕೊಡ ಬೊಬ್ಬೆ ಹೊಡೆಯಿತು. ಒಂದಿಷ್ಟು ನೀರು ಹಾಕಿ ಊದಿದಾಗ ಸರಿಯಾದ ಗುಂ ದನಿ ಬಂತು. ಎಷ್ಟು ನೀರು ಅನ್ನುವುದು ನನ್ನಲ್ಲೇ ಇರಲಿ. ಶಾಲೆಗಳಲ್ಲಿ ಕಥೆ ಓದುವಾಗ ಊದುತ್ತೇನೆ, ಹಿಂದಿನ ಸಾಲಿನ ಮಕ್ಕಳೂ ಎದ್ದು ನಿಲ್ಲುತ್ತವೆ.

ಕಥೆಗೆ 3 ಸಾವಿರ ಬಂತು. ಅರ್ಧ ಅಜ್ಜಿಗೆ ಕೊಡಲು ಹೋದೆ. ಎಣಿಸದೇ ಸೆರಗಿಗೆ ಕಟ್ಟಿಕೊಂಡು ಒಂದೇ ಕೇಳಿದಳು: ‘ನಿನ್ನ ಹಕ್ಕಿ ಚುಂಚಿಗೆ ಬೆಣ್ಣಿ ಹಚ್ಚೀಯಿಲ್ಲೊ?’

ಹಚ್ಚಿದ್ದೆ, ಮೊದಲ ಪುಟದಲ್ಲೇ.