ಮೊಲದ ಹೊಟ್ಟೆಗೆ ಒಣ ಕರಿಕೆ: ನನ್ನ ಅನುಭವ

ಮೊಲಕ್ಕೆಂದು ಹೊರಗಿನಿಂದ ತರಿಸುವ ಟಿಮೋಥಿ ಎಂಬ ಒಣ ಹುಲ್ಲು ಬಿಟ್ಟು ಒಣಗಿಸಿದ ಕರಿಕೆ ಹಾಕುತ್ತೇನೆ ಎಂದಾಗ ಕಲಬುರಗಿಯ ಮೊಲ ಸಾಕುವ ಗೆಳೆಯರೆಲ್ಲ ನಕ್ಕರು. ಕರಿಕೆ ಇರುವುದು ಗಣಪತಿಗೆ ಏರಿಸಲು ಎಂದು ಅಂಗಡಿಯವರೊಬ್ಬರು ಬುದ್ಧಿ ಹೇಳಿದರು. ಅವರಿಗೆ ಪೆಲೆಟ್ (ಮೊಲದ ಗುಳಿಗೆ ಮೇವು) ಮಾರಬೇಕಿತ್ತು. ಈಗ ಎರಡು ಬೇಸಿಗೆ ದಾಟಿವೆ. ನನ್ನ ಮೊಲ ಮುತ್ತು ಎರಡು ಕಿಲೋ ತೂಗುತ್ತಾನೆ, ಬೆಳಿಗ್ಗೆ ತಟ್ಟೆಯಲ್ಲಿ ದಪ್ಪನೆಯ, ಗುಂಡನೆಯ ಹಿಕ್ಕೆ ಇರುತ್ತದೆ. ಮೊಲ ಸಾಕುವವರಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿಲ್ಲ.

ದುಡ್ಡು ಹೋದ ದಾರಿ ಕೇಳಿ. ಟಿಮೋಥಿಗೆ ಕಿಲೋಗೆ ಏಳೆಂಟು ನೂರು ರೂಪಾಯಿ, ಕೊರಿಯರ್ ಖರ್ಚು ಬೇರೆ, ಚೀಲ ಬಿಚ್ಚಿದರೆ ಕಾಲು ಭಾಗ ಪುಡಿ. ಆಮೇಲೆ ಹೈನುಗಾರರೊಬ್ಬರಿಂದ ಕುದುರೆ ಮಸಾಲೆ (ಲೂಸರ್ನ್) ಮೇವು ತಂದೆ. ಆಸೆಪಟ್ಟು ತಿಂದ, ಆದರೆ ಮೂತ್ರ ಬೆಳ್ಳಗೆ ಗಟ್ಟಿಯಾಗತೊಡಗಿತು. ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ, ಬೆಳೆದ ಮೊಲಕ್ಕೆ ದಿನಾ ಸಲ್ಲದು. ನಮ್ಮದು ತೊಗರಿಯ ನಾಡು, ದಾಲ್ ಮಿಲ್ಲಿನ ಹೊಟ್ಟು ಅಗ್ಗ, ಅದನ್ನೂ ನೋಡಿಬಿಟ್ಟೆ. ನುಣ್ಣನೆಯ ನಾರು ಕರುಳನ್ನು ಓಡಿಸುವುದಿಲ್ಲ, ಉದ್ದನೆಯ ನಾರೇ ಬೇಕು. ಮೊಲಗಳು ಸಹಜವಾಗಿ ಮತ್ತೆ ತಿನ್ನುವ ರಾತ್ರಿಯ ಮೆತ್ತನೆ ಹಿಕ್ಕೆಯನ್ನು ಅವನು ತಿನ್ನದೆ ಬಿಟ್ಟ, ಅದು ಬಾಲಕ್ಕೆ ಮೆತ್ತಿಕೊಂಡಿತು. ಉಳಿದ ಹೊಟ್ಟು ಪಕ್ಕದ ಮನೆಯ ಎಮ್ಮೆಗೆ ಹೋಯಿತು. ಜೋಳದ ಒಣ ಕಣಿಕೆ ಮಾತ್ರ ಇನ್ನೂ ಕೊಡುತ್ತೇನೆ. ದಂಟು ಕಡಿದು ಹಲ್ಲು ಸವೆಸಿಕೊಳ್ಳುತ್ತಾನೆ. ಹಸಿ ಎಳೆ ಜೋಳ ಕೊಡಬೇಡಿ, ಅದರ ಸಯನೈಡ್ ವಿಷಕ್ಕೆ ದನಗಳೇ ಉಳಿಯುವುದಿಲ್ಲ.

ಪೆಟ್ಟು ಬಿದ್ದದ್ದು ಏಪ್ರಿಲ್‌ನಲ್ಲಿ. ಹೊರಗೆ 42 ಡಿಗ್ರಿ. ಮುತ್ತು ಸಂಜೆ ಕೊತ್ತಂಬರಿಯನ್ನೂ ಮೂಸಲಿಲ್ಲ, ಮರುದಿನ ಬೆಳಗಿನವರೆಗೆ ಒಂದು ಹಿಕ್ಕೆಯೂ ಇಲ್ಲ. ಮೊಲದ ಮೈ 38.5ರಿಂದ 39.5 ಡಿಗ್ರಿ ಇರಬೇಕು. ಥರ್ಮಾಮೀಟರ್ 38ಕ್ಕಿಂತ ಕೆಳಗೆ ತೋರಿಸಿತು. ಬಟ್ಟೆ ಸುತ್ತಿದ ಬೆಚ್ಚಗಿನ ನೀರಿನ ಬಾಟಲಿ ಪಕ್ಕಕ್ಕಿಟ್ಟುಕೊಂಡು ಆಟೋ ಹತ್ತಿದೆ. ದಾರಿಯಲ್ಲಿ ಔಷಧಿ ಅಂಗಡಿಯವರು ಅಮಾಕ್ಸಿಸಿಲಿನ್ ಸಿರಪ್ ಚಾಚಿದರು, ವಾಪಸು ಕೊಟ್ಟೆ. ಬಾಯಿಗೆ ಹಾಕಿದರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಹಾಳಾಗಿ ಪ್ರಾಣವೇ ಹೋಗಬಹುದು. ವೈದ್ಯರು ಚರ್ಮದಡಿ ದ್ರವ ಏರಿಸಿದರು, ನೋವಿಗೂ ಕರುಳು ಚಲಿಸುವುದಕ್ಕೂ ಔಷಧಿ ಕೊಟ್ಟರು. ಎಲ್ಲ ಸೇರಿ ಮೂರೂವರೆ ಸಾವಿರದ ಆಸುಪಾಸು. ಹೊಟ್ಟೆ ತಮಟೆಯಂತೆ ಬಿಗಿದಿಲ್ಲ, ಕರುಳಿನೊಳಗೆ ಏನೂ ಅಡ್ಡ ಸಿಕ್ಕಿಕೊಂಡಿಲ್ಲ ಎಂದು ಅವರು ಹೇಳಿದ ಮೇಲೆಯೇ ನೆನೆಸಿದ ಪೆಲೆಟ್‌ನ ಗಂಜಿಯನ್ನು ಸಿರಿಂಜ್‌ನಲ್ಲಿ ಕೊಟ್ಟೆ. ಎರಡು ಮೂರು ಗಂಟೆಗೊಮ್ಮೆ, ಕೆನ್ನೆಯ ಪಕ್ಕದಿಂದ, ನಿಧಾನವಾಗಿ.

ಕರಿಕೆಯ ಕೆಲಸ ಶುರುವಾದದ್ದು ಅವನು ಚೇತರಿಸಿಕೊಂಡ ಮೇಲೆ. ಆಳಂದ ಕಡೆ ನಮ್ಮ ಮಾವನವರ ಬಾವಿಯ ಸುತ್ತ ಬೇಕಾದಷ್ಟಿದೆ. ಕೊಯ್ಯುವವರಿಗೆ ಚೀಲಕ್ಕೆ ನೂರೈವತ್ತೋ ಇನ್ನೂರೋ ಕೊಡುತ್ತೇನೆ. ಹೂ ಬಿಡುವ ಹೊತ್ತಿಗೆ ಕೊಯ್ದು, ಮಣ್ಣು ಜಾಡಿಸಿ, ನೆರಳಲ್ಲಿ ತೆಳ್ಳಗೆ ಹರಡಬೇಕು. ಬಿಸಿಲಿಗೆ ಹಾಕಿದರೆ ಬಣ್ಣವೂ ಹೋಗುತ್ತದೆ, ಪರಿಮಳವೂ ಹೋಗುತ್ತದೆ, ಮೊಲ ಮೂಗು ತಿರುಗಿಸುತ್ತದೆ. ನಮ್ಮ ಬೇಸಿಗೆಯಲ್ಲಿ ಎರಡು ದಿನ ಸಾಕು. ಮಳೆಗಾಲದಲ್ಲಿ ಫ್ಯಾನ್ ಕೆಳಗೆ ನಾಲ್ಕೈದು ದಿನ ಇಟ್ಟರೂ ಒಮ್ಮೊಮ್ಮೆ ಬೂಷ್ಟು ಹಿಡಿಯುತ್ತದೆ. ಒಂದು ಇಡೀ ಚೀಲ ತಿಪ್ಪೆಗೆ ಸುರಿದಿದ್ದೇನೆ. ನಾಲ್ಕು ಕಿಲೋ ಹಸಿ ಹುಲ್ಲಿಗೆ ಒಂದು ಕಿಲೋ ಒಣ ಹುಲ್ಲು ಸಿಗುತ್ತದೆ. ಪೆಲೆಟನ್ನು ಮೂರು ವಾರದಲ್ಲಿ ದಿನಕ್ಕೆ ಎರಡು ಚಮಚಕ್ಕೆ ಇಳಿಸಿದೆ. ಮೊದಮೊದಲು ಹುಲ್ಲು ಮುಟ್ಟದ ಮೊಲಕ್ಕೆ ನಾನು ಅದರ ಮೇಲೆ ಏನು ಉದುರಿಸಿದೆ ಎನ್ನುವುದನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ.

ತೊಗರಿ ಹೊಲದ ಬದುವಿನ ಕರಿಕೆ ಬೇಡವೇ ಬೇಡ. ಕಾಯಿಕೊರಕಕ್ಕೆ ಹೊಡೆದ ಔಷಧಿ ಅಲ್ಲಿಗೂ ಬಿದ್ದಿರುತ್ತದೆ.

ಬೇಸಿಗೆಗೆ ಇನ್ನೊಂದು ಏರ್ಪಾಡಿದೆ. ಶಹಾಬಾದ್ ಕಲ್ಲಿನ ಒಂದು ತುಂಡನ್ನು ಒದ್ದೆ ಮಾಡಿ ಕೂಲರ್ ಗಾಳಿಗೆ ಇಟ್ಟರೆ ಮಧ್ಯಾಹ್ನವೆಲ್ಲ ಅದರ ಮೇಲೆಯೇ ಚಾಚಿಕೊಂಡಿರುತ್ತಾನೆ, ಮೇವೂ ಬಿಡುವುದಿಲ್ಲ. ಐಸ್ ಬಾಟಲಿಗಿಂತ ಇದೇ ಮೇಲು.

ನಕ್ಕವರಲ್ಲಿ ಇಬ್ಬರು ಈಗ ನನ್ನಲ್ಲಿಯೇ ಹುಲ್ಲು ಕೊಳ್ಳುತ್ತಾರೆ. ಕಿಲೋಗೆ ನೂರಿಪ್ಪತ್ತು ರೂಪಾಯಿ, ಉದ್ರಿ ಇಲ್ಲ.